ಕರಾವಳಿ ಹೆದ್ದಾರಿ 66: ದಸರಾ ರಜೆಗೆ ಅಮ್ಮನ ಜೊತೆ ಗೋಕರ್ಣ, ಯಾವ ಘಾಟಿ ಇಳಿಯಲಿ?

ಕೆರೆಯಂಗಳ ಮಂಡ್ಯ:

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಗೋಕರ್ಣಕ್ಕೆ ಹೊರಟಿದ್ದೇವೆ. ನಾನು, ಹೆಂಡತಿ, ಮಕ್ಕಳಿಬ್ಬರು, ಜೊತೆಗೆ ಅಮ್ಮ. ಅಮ್ಮನಿಗೆ 72 ವರ್ಷ. ಸಮುದ್ರ ನೋಡಿರುವುದು ಒಂದೇ ಸಲ, ಅದೂ ಧರ್ಮಸ್ಥಳದ ಟೂರ್ ಬಸ್ಸಿನವರು ಪಣಂಬೂರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದಾಗ. ಶಿವಮೊಗ್ಗ, ಸಾಗರ, ಹೊನ್ನಾವರ ಮೇಲೆ ಹೋದರೆ ಹತ್ತಿರ ಅಂತ ಗೊತ್ತು. ಆದರೆ ಕಾರಿನ ಕಿಟಕಿಯಲ್ಲೇ ಸಮುದ್ರ ಕಾಣಬೇಕು ಅನ್ನೋದು ಅಮ್ಮನ ಆಸೆ. ಅದಕ್ಕೆ ಮೊದಲು ಕಣ್ಣೂರಿಗೆ ಇಳಿದು, ಕಾಸರಗೋಡು, ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಹೀಗೆ 66ರ ಮೇಲೆಯೇ ಹೋಗೋಣ ಅಂತ. ಎರಡು ರಾತ್ರಿ ದಾರಿಯಲ್ಲಿ ತಂಗುತ್ತೇವೆ, ಅವಸರ ಇಲ್ಲ.

ಘಾಟಿ ಯಾವುದು ಇಳಿಯಲಿ? ರಸ್ತೆ ಪೂರ್ತಿ ಆಗಿದೆಯಾ, ಇಲ್ಲ ಇನ್ನೂ ಡೈವರ್ಷನ್ ಡೈವರ್ಷನ್ ಅಂತ ಸುತ್ತಿಸ್ತಾರಾ? ಆಮೇಲೆ ಗುಡ್ಡ ಕುಸಿದ ಆ ಶಿರೂರು. 2024ರಲ್ಲಿ ಟಿವಿಯಲ್ಲಿ ದಿನಗಟ್ಟಲೆ ಅದನ್ನೇ ನೋಡಿದ ಅಮ್ಮ 'ಆ ಗುಡ್ಡದ ಕೆಳಗೆ ಮಾತ್ರ ಬೇಡ ಕಣಪ್ಪ' ಅಂತಿದ್ದಾರೆ. ಕಾರು ಎಂಟು ವರ್ಷ ಹಳೆಯದು, ಓಡಿಸುವವನು ನಾನೊಬ್ಬನೇ.

ಹಳೇ ಲಾರಿ:

ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪಿದೆ ಅಣ್ಣ, ಬೇಜಾರಾಗಬೇಡಿ. 66 ಹೇಗಿದೆ ಅಂತ ಒಂದೇ ಮಾತಲ್ಲಿ ಕೇಳೋಕಾಗಲ್ಲ. ನಂಬರ್ ಒಂದು, ರಸ್ತೆ ಹತ್ತು. ಮುಂಬೈ ಪಕ್ಕದ ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೆ 1,600 ಕಿಲೋಮೀಟರಿಗೂ ಜಾಸ್ತಿ, ಐದು ರಾಜ್ಯ, ಒಬ್ಬೊಬ್ಬ ಕಂಟ್ರಾಕ್ಟರಿಗೆ ಒಂದೊಂದು ತುಂಡು. ಒಂದು ತುಂಡು ಗಾಜಿನ ಹಾಗಿರುತ್ತೆ, ಮುಂದಿನ ತುಂಡಲ್ಲಿ ನಮ್ಮ ಹಳ್ಳಿ ಗದ್ದೆ ಬದುವೇ ವಾಸಿ ಅನ್ನಿಸುತ್ತೆ. ನಾನು ಲಾರಿ ಓಡಿಸುವಾಗ ಇದಕ್ಕೆ ಹದಿನೇಳು ಅಂತಿದ್ದರು. ಪನ್ವೇಲ್‌ನಿಂದ ಕೊಚ್ಚಿಯ ಇಡಪ್ಪಳ್ಳಿವರೆಗೆ 17, ಅಲ್ಲಿಂದ ಕೆಳಕ್ಕೆ 47. 2010ರಲ್ಲಿ ಹೆದ್ದಾರಿ ನಂಬರ್‌ಗಳನ್ನೆಲ್ಲ ಬದಲಾಯಿಸಿದಾಗ ಎರಡನ್ನೂ ಹೊಲಿದು 66 ಮಾಡಿದರು. ಹಳೇ ಡ್ರೈವರುಗಳ ಬಾಯಲ್ಲಿ ಇವತ್ತಿಗೂ ಹದಿನೇಳೇ.

ನಾನು ಪಣಂಬೂರಿನಿಂದ ಮಂಡ್ಯದ ಸೊಸೈಟಿಗಳಿಗೆ ಗೊಬ್ಬರ ತರುತ್ತಿದ್ದೆ. ಹೋಗುವಾಗ ಹುಣಸೂರಿನಲ್ಲಿ ಕಾಫಿ ಮೂಟೆ ಸಿಕ್ಕಿದರೆ ಅದೃಷ್ಟ, ಇಲ್ಲದಿದ್ದರೆ ಖಾಲಿ ಗಾಡಿ. ಆ ಲೆಕ್ಕದಲ್ಲಿ ಹೇಳ್ತೀನಿ, ಕೆಳಗಿನ ಹೆದ್ದಾರಿ ಎಷ್ಟು ಅಗಲ ಇದ್ದರೂ ನಮ್ಮ ಕಡೆಯವರಿಗೆ ಘಾಟಿಯೇ ಗೇಟು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಹತ್ತಿರ ಗುಡ್ಡ ಬಂದು ಮಡಿಕೇರಿ-ಸಂಪಾಜೆ ರಸ್ತೆಯೇ ಹೋಯಿತು. ಅದೇ ಹೊತ್ತಿಗೆ ಶಿರಾಡಿಯೂ ಬಂದ್. ಚಾರ್ಮಾಡಿಗೆ ದೊಡ್ಡ ಗಾಡಿ ಬಿಡಲ್ಲ. ಬಿ.ಸಿ. ರೋಡಿನಲ್ಲಿ ಮೂರು ದಿನ ಟಾರ್ಪಾಲು ಬಿಗಿ ಮಾಡೋದೇ ಕೆಲಸ. ಯೂರಿಯಾ ನೀರು ಕುಡಿದರೆ ಮುಗೀತು, ಮಾಲೀಕ ನಮಗೆ ನೀರು ಕುಡಿಸ್ತಾನೆ.

ನೀವು ಹೋಗೋದು ಮಳೆ ಮುಗಿದ ಮೇಲೆ, ಅದೂ ಕಾರಲ್ಲಿ. ಆರಾಮಾಗಿ ಹೋಗಬಹುದು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಇಳಿದು ಇರಿಟ್ಟಿ, ಕಣ್ಣೂರು. ತಿತಿಮತಿ ಕಡೆ ಬೆಳಗಿನ ಜಾವ ಆನೆ ನಿಂತಿರಬಹುದು. ಹಾರನ್ ಹೊಡೀಬೇಡಿ, ಸುಮ್ನೆ ನಿಲ್ಲಿಸಿ. ಅದಕ್ಕೆ ಬೇಕಾದಾಗ ಅದು ಹೋಗುತ್ತೆ.

ಹೂಟಗಳ್ಳಿ ಬೈಕು:

ಗುರು ಕಣ್ಣೂರಿಗೆ ಹೋಗ್ತಿದ್ದೀರ ಅಂದ್ರೆ ಮಾಹೆಯಲ್ಲಿ ಪೆಟ್ರೋಲ್ ಹಾಕಿಸಿ. ಪುದುಚೇರಿಗೆ ಸೇರಿದ ಊರು, ರೇಟು ಕಡಿಮೆ. ಟ್ಯಾಂಕ್ ಫುಲ್ ಮಾಡ್ಕೊಂಡು ಜುಮ್ ಅಂತ ಹೋಗಿ.

ಹಳೇ ಲಾರಿ:

ತಮ್ಮಾ, ಮಾಹೆ ಇರೋದು ತಲಶೇರಿ ಆಚೆ, ಕಣ್ಣೂರಿಗೆ ದಕ್ಷಿಣಕ್ಕೆ. ಇವರು ಹೋಗೋದು ಉತ್ತರಕ್ಕೆ. ಪೆಟ್ರೋಲ್ ಉಳಿಸೋಕೆ ಪೆಟ್ರೋಲ್ ಸುಡು ಅಂತೀಯಲ್ಲ. ಕೇರಳಕ್ಕಿಂತ ನಮ್ಮಲ್ಲೇ ರೇಟು ಕಡಿಮೆ, ವಿರಾಜಪೇಟೆಯಲ್ಲೇ ತುಂಬಿಸಿಕೊಂಡು ಇಳಿಯಲಿ. ಕಾಸರಗೋಡಿನವರು ತಲಪಾಡಿ ದಾಟಿ ಬಂದು ನಮ್ಮ ಬಂಕಲ್ಲಿ ಹಾಕಿಸಿಕೊಂಡು ಹೋಗ್ತಾರೆ.

ಹೂಟಗಳ್ಳಿ ಬೈಕು:

ಸರಿ ಸರಿ. ನಾನು ಕೋಝಿಕ್ಕೋಡಿಂದ ಮೇಲಕ್ಕೆ ಬಂದಿದ್ದೆ, ಅದೇ ತಲೆಯಲ್ಲಿತ್ತು. ಅಂದಹಾಗೆ ತಲಶೇರಿ-ಮಾಹೆ ಬೈಪಾಸ್ 18 ಕಿಲೋಮೀಟರ್ ಚಿಲ್ಲರೆ, 2024ರ ಮಾರ್ಚ್‌ನಲ್ಲಿ ಓಪನ್ ಆಯ್ತು. ಮುಂಚೆ ಆ ಎರಡು ಊರು ದಾಟೋಕೆ ಒಂದು ಸಿನಿಮಾ ನೋಡುವಷ್ಟು ಹೊತ್ತು ಹೋಗ್ತಿತ್ತು.

ಗೋಕುಲಂ 3ನೇ ಹಂತ:

ಬಂಡೀಪುರದ ಮೇಲೆ ಯಾಕೆ ಬೇಡ? ಗುಂಡ್ಲುಪೇಟೆ, ಸುಲ್ತಾನ್ ಬತೇರಿ, ತಾಮರಶೇರಿ ಘಾಟಿ ಇಳಿದರೆ ರಸ್ತೆ ಅಗಲ.

ಹಳೇ ಲಾರಿ:

ಅಗಲ ಇದೆ ಸಾರ್, ಆದರೆ ಇವರಿಗೆ ಸುತ್ತು. ಕೋಝಿಕ್ಕೋಡಿಗೆ ಇಳಿದು ಮತ್ತೆ ಕಣ್ಣೂರಿಗೆ ಹತ್ತಬೇಕು. ಅಲ್ಲದೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರ ಗೇಟ್ ಬಂದ್, 2009ರಿಂದ ಹಾಗೇ ಇದೆ. ಮಂಡ್ಯದಿಂದ ನಾಲ್ಕು ಗಂಟೆಗೆ ಹೊರಟು ಗೇಟ್ ಮುಂದೆ ಕಾಯೋದು ಯಾಕೆ.

ಕುಂದಾಪ್ರ ಹುಡುಗಿ ಮೈಸೂರಲ್ಲಿ:

ನನ್ನ ತವರು ಹೆದ್ದಾರಿಗೆ ಕಲ್ಲೆಸೆಯುವಷ್ಟು ಹತ್ತಿರ. ಮದುವೆಯಾಗಿ ಮೈಸೂರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಅದಕ್ಕೆ ಸ್ವಲ್ಪ ಉದ್ದ ಬರೀತೇನೆ, ಬೈಬೇಡಿ.

ಮೊದಲು ಅಮ್ಮನ ವಿಷಯ. ಅಮ್ಮ ಹೆದರಿರೋ ಶಿರೂರು ಅಂಕೋಲಾ ತಾಲೂಕಿನದು, ಗಂಗಾವಳಿ ಹೊಳೆ ಬದಿ. ನೀವು ಕುಮಟಾ ದಾಟಿ ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ. ಆ ಜಾಗ ಅದರಿಂದ ಇನ್ನೂ ಮುಂದೆ. ಅಂದ್ರೆ ಗೋಕರ್ಣದವರೆಗೆ ನೀವು ಆ ಗುಡ್ಡದ ಕೆಳಗೆ ಹೋಗೋದೇ ಇಲ್ಲ! ಆದರೆ ಒಂದು ತಮಾಷೆ ಇದೆ. ಬೈಂದೂರು ದಾಟಿದ ಮೇಲೆ, ಭಟ್ಕಳಕ್ಕಿಂತ ಮುಂಚೆ ಇನ್ನೊಂದು ಶಿರೂರು ಬರುತ್ತೆ. ಅಲ್ಲಿ ಟೋಲ್ ಇದೆ, ದೊಡ್ಡ ಬೋರ್ಡೂ ಇದೆ. ಅಮ್ಮ ಅದನ್ನು ಓದಿ ಗಾಬರಿಯಾದಾರು, ಮುಂಚೆಯೇ ಹೇಳಿಡಿ. ದುರಂತ ಆದ ವಾರ ನಮ್ಮನೆಗೆ ಮೈಸೂರಿನ ನೆಂಟರೆಲ್ಲ ಫೋನ್ ಮಾಡಿ 'ನಿಮ್ಮ ಪಕ್ಕದ ಊರಲ್ಲವಾ' ಅಂತ ಕೇಳಿದ್ದರು. ನಮಗೂ ಅದಕ್ಕೂ ನೂರು ಕಿಲೋಮೀಟರ್ ಹತ್ತಿರ ದೂರ.

ಇನ್ನು ರಸ್ತೆ. ಗದ್ದೆ ಸೀಮೆಯವರಿಗೆ ಇದು ಒಂದೇ ಉದ್ದ ರಸ್ತೆ ಅನ್ನಿಸುತ್ತೆ. ನಮಗೆ ಅದು ಸೇತುವೆ, ಆಮೇಲೆ ಒಂದಿಷ್ಟು ರಸ್ತೆ, ಮತ್ತೆ ಸೇತುವೆ. ಮಂಗಳೂರಿನ ನೇತ್ರಾವತಿಯಿಂದ ಎಣಿಸಿ ನೋಡಿ. ಕೂಳೂರಿನಲ್ಲಿ ಗುರುಪುರ ಹೊಳೆ, ಮುಲ್ಕಿಯಲ್ಲಿ ಶಾಂಭವಿ, ಆಮೇಲೆ ಉದ್ಯಾವರ, ಸ್ವರ್ಣಾ, ಸೀತಾ, ಕುಂದಾಪುರದಲ್ಲಿ ಐದು ಹೊಳೆ ಸೇರುವ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ಆಮೇಲೆ ಅಘನಾಶಿನಿ, ಗಂಗಾವಳಿ, ಕಾರವಾರದಲ್ಲಿ ಕಾಳಿ. ಸಣ್ಣಪುಟ್ಟವು ಲೆಕ್ಕಕ್ಕಿಲ್ಲ. ನಮ್ಮ ಅಜ್ಜಿ ಕಾಲದಲ್ಲಿ ಇವನ್ನೆಲ್ಲ ದೋಣಿಯಲ್ಲೇ ದಾಟಬೇಕಿತ್ತು. ಮದುವೆ ದಿಬ್ಬಣ ಹೊಳೆ ಬದಿಯಲ್ಲಿ ಉಬ್ಬರ ಇಳಿಯಲಿ ಅಂತ ಕಾದು, ಮುಹೂರ್ತ ತಪ್ಪಿ, ಊಟದ ಹೊತ್ತಿಗೆ ತಾಳಿ ಕಟ್ಟಿದ ಕಥೆ ನಮ್ಮ ಮನೆಯಲ್ಲೇ ಇದೆ.

ಕೂಳೂರಿನಲ್ಲಿ ಕಮಾನಿನ ಹಳೇ ಸೇತುವೆ ಸಿಗುತ್ತೆ, 1952ರದು. ಬಂದರಿಗೆ ಹೋಗುವ ಲಾರಿಗಳೆಲ್ಲ ಅಲ್ಲೇ. ಪಂಪ್‌ವೆಲ್ ಫ್ಲೈಓವರ್ ವಿಷಯ ಮಂಗಳೂರಿನವರ ಮುಂದೆ ಎತ್ತಬೇಡಿ. ಹತ್ತು ವರ್ಷ ಎಳೆದು 2020ರ ಜನವರಿ ಕೊನೆಗೆ ಓಪನ್ ಆಯ್ತು. ಆ ಹತ್ತು ವರ್ಷ ಊರಿನವರ ಫೋನುಗಳಲ್ಲಿ ಬೇರೆ ಜೋಕೇ ಇರಲಿಲ್ಲ. ಕುಂದಾಪುರದ ಫ್ಲೈಓವರ್ ಕೂಡ ವರ್ಷಗಟ್ಟಲೆ ಬರೀ ಕಂಬಗಳಾಗಿ ನಿಂತಿತ್ತು. ನಾನು ಪ್ರತಿ ರಜೆಗೆ ಹೋದಾಗಲೂ ಅದೇ ಕಂಬ, ಅದೇ ಧೂಳು. ಮಗಳು ಅದನ್ನು ದೇವಸ್ಥಾನ ಅಂದ್ಕೊಂಡಿದ್ದಳು.

ಓಡಿಸೋರು ನೋಡಿಕೊಳ್ಳಬೇಕಾದದ್ದು ಒಂದೇ. ನಿಮ್ಮ ಮೈಸೂರು-ಬೆಂಗಳೂರು ಹೆದ್ದಾರಿ ಹಾಗೆ ಬೇಲಿ ಹಾಕಿದ ರಸ್ತೆ ಅಲ್ಲ ಇದು. ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ ಎಲ್ಲವೂ ರಸ್ತೆಯ ಎರಡೂ ಬದಿಗಿವೆ. ಮನೆ ಈ ಕಡೆ, ಶಾಲೆ ಆ ಕಡೆ. ಡಿವೈಡರಿನ ಸಂದಿಯಲ್ಲಿ ಸ್ಕೂಟರ್ ನುಗ್ಗುತ್ತೆ, ಎದುರಿನಿಂದ ರಾಂಗ್ ಸೈಡಲ್ಲಿ ಮೀನಿನ ಟೆಂಪೋ ಬರುತ್ತೆ, ರಾತ್ರಿ ಡಾಂಬರಿನ ಬಿಸಿಗೆ ದನ ಮಲಗಿರುತ್ತೆ. ಕತ್ತಲಾದ ಮೇಲೆ ಓಡಿಸಬೇಡಿ.

ಮರವಂತೆಗೆ ಸಂಜೆ ಐದಕ್ಕೆ ಬರುವ ಹಾಗೆ ಲೆಕ್ಕ ಹಾಕಿ. ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಅಮ್ಮನನ್ನು ಎಡಗಡೆ ಕಿಟಕಿಗೆ ಕೂರಿಸಿ.

ಕೆರೆಯಂಗಳ ಮಂಡ್ಯ:

ಅಕ್ಕಾ, ಎರಡು ಶಿರೂರು ಇದೆ ಅಂತ ನನಗೂ ಗೊತ್ತಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. 'ಹಂಗಾದ್ರೆ ಸರಿ' ಅಂದರು, ಆದರೆ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಒಂದು ಸಣ್ಣ ಪ್ರಶ್ನೆ, ಆ ಕಡೆ ಮುದ್ದೆ ಎಲ್ಲಾದರೂ ಸಿಗುತ್ತಾ?

ಕುಂದಾಪ್ರ ಹುಡುಗಿ ಮೈಸೂರಲ್ಲಿ:

ಮಾರಾಯ್ರೆ, ಸಮುದ್ರದ ಬದಿಗೆ ಹೋಗಿ ಮುದ್ದೆ ಕೇಳ್ತೀರಲ್ಲ. ಕುಚ್ಚಲಕ್ಕಿ ಗಂಜಿ ಸಿಗುತ್ತೆ, ಅಮ್ಮನ ಹೊಟ್ಟೆಗೂ ಒಳ್ಳೇದು.

ನಿವೃತ್ತ ಪಿಡಬ್ಲ್ಯುಡಿ:

ಶಿರೂರಿನ ಬಗ್ಗೆ ಎರಡು ಮಾತು. ಸೇತುವೆ, ರಸ್ತೆ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು.

ನಮ್ಮ ಮೈಸೂರಿನಲ್ಲಿ ವರ್ಷವಿಡೀ ಬೀಳುವ ಮಳೆ 800 ಮಿ.ಮೀ. ಆಸುಪಾಸು. ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಿಗೆ ಅಷ್ಟು ಸುರಿಯುತ್ತೆ, ಅದಕ್ಕಿಂತ ಜಾಸ್ತಿಯೂ ಸುರಿಯುತ್ತೆ. ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಮೆತ್ತನೆ ಜೇಡಿ. ಮುರಕಲ್ಲು ನೋಡೋಕೆ ಕಲ್ಲು, ಒಳಗೆಲ್ಲ ತೂತು. ನೀರು ಅದರ ಮೂಲಕ ಇಳಿದು ಜೇಡಿ ಮೇಲೆ ನಿಲ್ಲುತ್ತೆ. ಗುಡ್ಡ ಸಾವಿರಾರು ವರ್ಷದಿಂದ ತನಗೆ ಬೇಕಾದ ಇಳಿಜಾರಿನಲ್ಲಿ ಕೂತಿರುತ್ತೆ. ನಾಲ್ಕು ಪಥ ಬೇಕು ಅಂತ ಅದರ ಪಾದವನ್ನು ಕೇಕ್ ಕೊಯ್ದ ಹಾಗೆ ನೆಟ್ಟಗೆ ಕೊಯ್ದರೆ ಏನಾಗಬೇಕೋ ಅದೇ ಆಗುತ್ತೆ. ಮೆಟ್ಟಿಲು ಮೆಟ್ಟಿಲಾಗಿ ಕೊಯ್ಯಬೇಕು. ಪ್ರತಿ ಮೆಟ್ಟಿಲಿಗೂ ಚರಂಡಿ ಬೇಕು, ಒಳಗಿನ ನೀರು ಹೊರಗೆ ಬರೋಕೆ ತೂತು ಬೇಕು, ಅಗತ್ಯ ಇದ್ದಲ್ಲಿ ಸರಳು ಹೊಡೆದು ಬಲೆ ಹಾಕಬೇಕು. ಇದೆಲ್ಲ ಪಾಠ ಪುಸ್ತಕದಲ್ಲೇ ಇದೆ. ಆದರೆ ಮೆಟ್ಟಿಲಾಗಿ ಕೊಯ್ಯೋಕೆ ಹೆಚ್ಚು ಜಾಗ ಬೇಕು, ಜಾಗಕ್ಕೆ ದುಡ್ಡು ಬೇಕು, ಮೇಲಿನ ಕಾಡಿಗೆ ಅನುಮತಿ ಬೇಕು. ನೆಟ್ಟಗೆ ಕೊಯ್ದರೆ ಇದ್ಯಾವುದೂ ಬೇಡ.

2024ರ ಜುಲೈ 16ರ ಬೆಳಿಗ್ಗೆ ಬಂದ ಆ ಮಣ್ಣು ರಸ್ತೆ ಬದಿಯ ಚಹಾ ಅಂಗಡಿಯನ್ನೂ ಅಲ್ಲಿ ನಿಂತಿದ್ದ ಗಾಡಿಗಳನ್ನೂ ತಳ್ಳಿಕೊಂಡು ಹೊಳೆಗೆ ಬಿತ್ತು. ಆ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆ ಊರಿನ ಮನೆಗಳಿಗೂ ಬಡಿಯಿತು. ಕೇರಳದ ಒಂದು ಲಾರಿಯನ್ನು ಹೊಳೆಯಿಂದ ಎತ್ತಿದ್ದು ಸೆಪ್ಟೆಂಬರ್ ಕೊನೆಯಲ್ಲಿ, ಡ್ರೈವರ್ ಅದರೊಳಗೇ ಇದ್ದ. ಅಂಥ ಜಾಗದಲ್ಲಿ ಚಹಾ ಅಂಗಡಿ ಯಾಕೆ ಇತ್ತು ಅಂತ ಕೇಳೋರು ಇದ್ದಾರೆ. ಲಾರಿ ನಿಲ್ಲಿಸೋಕೆ ಹೆದ್ದಾರಿಯವರು ಜಾಗ ಮಾಡಿಕೊಡದಿದ್ದರೆ ಚಹಾ ಎಲ್ಲಿ ಸಿಗುತ್ತೋ ಲಾರಿ ಅಲ್ಲೇ ನಿಲ್ಲುತ್ತೆ.

ಹಳೇ ಲಾರಿ:

ಸಾರ್, ನಿಮ್ಮ ಕೊನೇ ಮಾತಿಗೆ ಕೈ ಮುಗಿದೆ. ಆ ಕಡೆ ಓಡಿಸುವಾಗ ನಾವೆಲ್ಲ ಅಂಥ ಗುಡ್ಡದ ಕೆಳಗೇ ನಿಲ್ಲಿಸಿ ಮುಖ ತೊಳೆದವರು. ಗುಡ್ಡದಿಂದ ನೀರು ಬರ್ತಿತ್ತಲ್ಲ, ಅದಕ್ಕೇ.

ಗೋಕುಲಂ 3ನೇ ಹಂತ:

ನಾನು ಬೈಸಿಕೊಳ್ಳೋಕೆ ತಯಾರಾಗಿಯೇ ಹೇಳ್ತೀನಿ. ರಸ್ತೆ ವಿಷಯದಲ್ಲಿ ಕೇರಳದವರು ತಡ ಮಾಡಿದರೂ ಸರಿಯಾಗಿ ಮಾಡ್ತಿದ್ದಾರೆ. ನಾವು ಬೇಗ ಶುರು ಮಾಡಿ ನಾಲ್ಕು ಪಥಕ್ಕೆ ಸಾಕು ಮಾಡಿದೆವು. ಅವರು ರಸ್ತೆಗೆ 30 ಮೀಟರ್ ಅಗಲ ಸಾಕು, ಇಲ್ಲ 45 ಬೇಕು ಅಂತ ವರ್ಷಗಟ್ಟಲೆ ಜಗಳವಾಡಿದರು ನಿಜ. ಕೊನೆಗೆ 45 ಮೀಟರಿಗೆ ಒಪ್ಪಿ, ಜಮೀನಿನ ಖರ್ಚಿನಲ್ಲಿ ಕಾಲು ಭಾಗ ರಾಜ್ಯವೇ ಕೊಟ್ಟು, ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ ಮಾಡಿಸಿಕೊಂಡರು. ಗಡಿಯ ತಲಪಾಡಿಯಿಂದ ಕಾಸರಗೋಡಿನ ಹತ್ತಿರದ ಚೆಂಗಳದವರೆಗಿನ 39 ಕಿ.ಮೀ. ಹೋಗಿ ನೋಡಿ. ಮಾಡಿದ್ದು ಊರಾಳುಂಗಲ್ ಅನ್ನೋ ಕೂಲಿಕಾರರ ಸಹಕಾರ ಸಂಘ. 1925ರಲ್ಲಿ ಶುರುವಾದದ್ದು, ಕೆಲಸ ಮಾಡುವವರೇ ಮಾಲೀಕರು. ಮಂಡ್ಯದಲ್ಲಿ ನಾವು ಸೊಸೈಟಿ ಅಂದ್ರೆ ಬರೀ ಹಾಲು, ಗೊಬ್ಬರ ಅಂದ್ಕೊಂಡಿದ್ದೀವಿ.

ನಿವೃತ್ತ ಪಿಡಬ್ಲ್ಯುಡಿ:

ಆ 39 ಕಿಲೋಮೀಟರಿಗೆ ನನ್ನದೂ ಒಂದು ಸಲಾಂ. ಆದರೆ ಅದನ್ನಿಟ್ಟುಕೊಂಡು ಇಡೀ ಕೇರಳಕ್ಕೆ ಸರ್ಟಿಫಿಕೇಟ್ ಕೊಡಬೇಡಿ. 2025ರ ಮೇ 19ಕ್ಕೆ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಭತ್ತದ ಗದ್ದೆ ಮೇಲೆ ಮಣ್ಣು ತುಂಬಿ ಎತ್ತರ ಮಾಡಿದ್ದ ಹೊಸ ರಸ್ತೆ ಕುಸಿದು ಸರ್ವಿಸ್ ರಸ್ತೆ ಮೇಲೆ ಕೂತಿತು. ಗದ್ದೆಯ ಕೆಸರು ಅಷ್ಟು ಭಾರ ಹೊರಲ್ಲ. ಅಲ್ಲಿ ಕಂಬದ ಮೇಲೆ ಸೇತುವೆ ಮಾಡಬೇಕಿತ್ತು, ಬಿದ್ದ ಮೇಲೆ ಅದನ್ನೇ ಮಾಡುವ ತೀರ್ಮಾನ ಆಯ್ತು. ಚೆರುವತ್ತೂರಿನ ವೀರಮಲ ಗುಡ್ಡವೂ ಅದೇ ವರ್ಷ ಮಳೆಗೆ ಜಾರಿತು. ಅವರೂ ಗುಡ್ಡ ಕೊಯ್ದಿದ್ದು ನೆಟ್ಟಗೇ.

ಮಂಡ್ಯದವರಿಗೆ ಇದು ಅರ್ಥ ಆಗಬೇಕು. ಕಬ್ಬಿನ ಗಾಡಿ ಗದ್ದೆಗೆ ಇಳಿಸಿದರೆ ಚಕ್ರ ಎಲ್ಲಿಯವರೆಗೆ ಹೂತುಹೋಗುತ್ತೆ ಅಂತ ಯಾರನ್ನಾದರೂ ಕೇಳಿ.

ಮದ್ದೂರು ಎಳನೀರು:

ನೀವೆಲ್ಲ ರಸ್ತೆ ಚೆನ್ನಾಗಿರಬೇಕು ಅಂತೀರ, ಸರಿ. 2023ರ ಮಾರ್ಚ್‌ನಲ್ಲಿ ನಮ್ಮ ಹತ್ತಿರದ ಗೆಜ್ಜಲಗೆರೆಗೇ ಪ್ರಧಾನಿ ಬಂದು ಹೆದ್ದಾರಿ ಉದ್ಘಾಟನೆ ಮಾಡಿದರು. ಆಮೇಲೆ ಏನಾಯ್ತು? ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಚನ್ನಪಟ್ಟಣ ಎಲ್ಲಕ್ಕೂ ಬೈಪಾಸ್. ವಡೆ ಅಂಗಡಿ, ಬೊಂಬೆ ಅಂಗಡಿ, ಎಳನೀರು ರಾಶಿ ಹಾಕ್ಕೊಂಡು ಕೂತವರು, ಎಲ್ಲರೂ ಖಾಲಿ ರಸ್ತೆ ನೋಡಿಕೊಂಡು ಕೂತೆವು. ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮೇಲೆ ಹತ್ತೋ ಹಾಗೇ ಇಲ್ಲ ಅಂದರು. ಕರಾವಳಿಯಲ್ಲಿ ರಸ್ತೆ ಊರ ಮಧ್ಯೆ ಹೋಗುತ್ತೆ, ಧೂಳು, ಗಲಾಟೆ, ಆಕ್ಸಿಡೆಂಟು. ನಮ್ಮಲ್ಲಿ ಊರ ಹೊರಗೆ ಹೋಗುತ್ತೆ, ವ್ಯಾಪಾರ ಇಲ್ಲ. ಯಾವುದು ವಾಸಿ ನೀವೇ ಹೇಳಿ.

ಕುಂದಾಪ್ರ ಹುಡುಗಿ ಮೈಸೂರಲ್ಲಿ:

ಅಣ್ಣಾ, ನಿಮ್ಮ ಸಂಕಟ ಗೊತ್ತಾಗುತ್ತೆ. ಆದರೆ ನಮ್ಮೂರಲ್ಲಿ ರಸ್ತೆ ದಾಟುವಾಗ ಹೋದವರ ಹೆಸರು ನಾನು ಬೆರಳು ಮಡಚಿ ಹೇಳಬಲ್ಲೆ. ಅವರ ಮನೆಯವರನ್ನು ಕೇಳಿದರೆ ಬೈಪಾಸೇ ವಾಸಿ ಅಂತಾರೆ. ಬದಿಯಲ್ಲಿ ಹೋಟೆಲ್ ಇಟ್ಟವರನ್ನು ಕೇಳಿದರೆ ಬೇಡ ಅಂತಾರೆ. ನನ್ನ ಚಿಕ್ಕಪ್ಪ ಹೋಟೆಲ್ ಇಟ್ಟವರೇ, ಅವರ ಮಗನ ಕಾಲು ಮುರಿದದ್ದೂ ಅದೇ ಹೋಟೆಲ್ ಮುಂದೆ. ಅವರಿಗೆ ಇವತ್ತಿನವರೆಗೆ ಒಂದು ಉತ್ತರ ಇಲ್ಲ.

ಸರಸ್ವತಿಪುರಂ ಮೇಷ್ಟ್ರು:

ಹಳೇ ಲಾರಿಯವರು ನಂಬರ್ ಒಂದು ರಸ್ತೆ ಹತ್ತು ಅಂದರಲ್ಲ, ಅದಕ್ಕೆ ಒಂದು ಹಳೇ ಕಾರಣವೂ ಇದೆ. ಕರಾವಳಿ ಅನ್ನೋದೇ ತುಂಡು ತುಂಡಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಗಡಿ ಎಲ್ಲಿತ್ತು ಗೊತ್ತಾ? ಈಗ ಟೋಲ್ ಇರುವ ಆ ಬೈಂದೂರು ಶಿರೂರಿನ ಹತ್ತಿರವೇ. ಆ ಕಡೆ ಭಟ್ಕಳ ಮುಂಬೈಗೆ, ಈ ಕಡೆ ಕುಂದಾಪುರ ಮದ್ರಾಸಿಗೆ. ಪಕ್ಕದಲ್ಲೇ ಗೋವಾ, ಅಲ್ಲಿ ಪೋರ್ಚುಗೀಸರು. ಒಂದು ಉದ್ದ ರಸ್ತೆ ಬೇಕು ಅಂತ ಯಾರಿಗೂ ಅನ್ನಿಸುವ ಹಾಗಿರಲಿಲ್ಲ.

ನಮ್ಮ ಮೈಸೂರಿಗೆ ಬಂದರೇ ಇರಲಿಲ್ಲ. ಹೈದರಾಲಿ 1763ರಲ್ಲಿ ಬಿದನೂರು, ಮಂಗಳೂರು ಹಿಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಸಮುದ್ರದ ಬಾಗಿಲು ಸಿಕ್ಕಿತು. 1784ರಲ್ಲಿ ಟಿಪ್ಪು ಮತ್ತು ಇಂಗ್ಲಿಷರ ನಡುವೆ ಒಪ್ಪಂದ ಆದದ್ದೂ ಮಂಗಳೂರಿನಲ್ಲೇ. 1799ರಲ್ಲಿ ಟಿಪ್ಪು ಹೋದ ಮೇಲೆ ಆ ಬಾಗಿಲೂ ಹೋಯಿತು. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಭಟ್ಕಳದಲ್ಲಿ ಮೈಸೂರಿಗೊಂದು ಬಂದರು ಬೇಕು ಅಂತ ಓಡಾಡಿದರು, ಕೈಗೂಡಲಿಲ್ಲ. 1956ರಲ್ಲಿ ರಾಜ್ಯ ಒಂದಾದ ಮೇಲೆ ಎಲ್ಲ ಒಟ್ಟಿಗೆ ಬಂತು. ಪಣಂಬೂರಿನ ಹೊಸ ಬಂದರು 1974ರಲ್ಲಿ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. ಹಳೇ ಲಾರಿಯವರ ಗೊಬ್ಬರ ಬರೋಕೆ ಶುರುವಾದದ್ದು ಆಮೇಲೆ.

ಹೂಟಗಳ್ಳಿ ಬೈಕು:

ಮೇಷ್ಟ್ರೇ ಸೂಪರ್. ಆ ಟೋಲ್ ಕಟ್ಟುವಾಗ ಇನ್ನು ಮೇಲೆ ಮದ್ರಾಸಿಂದ ಮುಂಬೈಗೆ ಸುಂಕ ಕಟ್ತಿದ್ದೀನಿ ಅಂದ್ಕೋತೀನಿ. ಬೈಕಿಗೆ ಟೋಲ್ ಇಲ್ಲ, ಅದು ಬೇರೆ ವಿಷಯ.

ಗೋಕುಲಂ 3ನೇ ಹಂತ:

ಟೋಲ್ ಅಂದಿರಿ, ನೆನಪಾಯ್ತು. ವರ್ಷದ ಪಾಸ್ ಮಾಡಿಸಿಕೊಳ್ಳಿ, 2025ರ ಆಗಸ್ಟ್ 15ರಿಂದ ಬಂದಿದೆ, ಶುರುವಾದಾಗ 3,000 ರೂಪಾಯಿ ಇತ್ತು. ಸ್ವಂತ ಕಾರಿಗೆ 200 ಟ್ರಿಪ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ಒಂದು ಟೋಲ್ ದಾಟಿದರೆ ಒಂದು ಟ್ರಿಪ್ ಲೆಕ್ಕ. ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು, ಕುಮಟಾಕ್ಕೆ ಮುಂಚೆ ಹೊಳೆಗದ್ದೆ, ಗೋಕರ್ಣ ಕ್ರಾಸ್‌ವರೆಗೆ ಇಷ್ಟು. ಸುರತ್ಕಲ್‌ನಲ್ಲಿ ಇನ್ನೊಂದಿತ್ತು, ಜನ ಹಗಲು ರಾತ್ರಿ ಧರಣಿ ಕೂತ ಮೇಲೆ 2022ರ ಡಿಸೆಂಬರ್ ಒಂದರಿಂದ ನಿಲ್ಲಿಸಿದರು.

ಮದ್ದೂರು ಎಳನೀರು:

ಮಂಡ್ಯದವರು ಬೆಂಗಳೂರಿಗೆ ವಾರಕ್ಕೊಮ್ಮೆ ಹೋಗಿ ಬಂದರೂ ಆ ಪಾಸ್ ದುಡ್ಡು ವಸೂಲು. ಧರಣಿ ಕೂತರೆ ಟೋಲ್ ಹೋಗುತ್ತೆ ಅಂತ ಗೊತ್ತಿದ್ದರೆ ನಾವೂ ಗಣಂಗೂರಲ್ಲಿ ಇನ್ನೂ ಗಟ್ಟಿಯಾಗಿ ಕೂರ್ತಿದ್ವಿ.

ನಿವೃತ್ತ ಪಿಡಬ್ಲ್ಯುಡಿ:

ಗೋಕರ್ಣದಿಂದ ಕಾರವಾರಕ್ಕೂ ಹೋಗುವುದಾದರೆ ಕಾಳಿ ಸೇತುವೆ ನೋಡಿ ಬನ್ನಿ. 2024ರ ಆಗಸ್ಟ್ 7ರ ಮಧ್ಯರಾತ್ರಿ ಹಳೇ ಸೇತುವೆ ಕುಸಿಯಿತು, ವಯಸ್ಸು ನಲವತ್ತರ ಆಸುಪಾಸು. ಮೇಲಿದ್ದ ಒಂದು ಲಾರಿ ನೀರಿಗೆ ಬಿತ್ತು, ಡ್ರೈವರ್ ಕ್ಯಾಬಿನ್ ಮೇಲೆ ಹತ್ತಿ ನಿಂತು ಬದುಕಿದ. ಪಕ್ಕದ ಹೊಸ ಸೇತುವೆ ಇದ್ದಿದ್ದರಿಂದ ಗೋವಾ ದಾರಿ ಉಳಿಯಿತು. 2016ರಲ್ಲಿ ಇದೇ ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಮಹಾಡ್‌ನಲ್ಲಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ರಾತ್ರಿ ಕೊಚ್ಚಿ ಹೋದಾಗ ಎರಡು ಬಸ್ಸು ಜನರ ಸಮೇತ ಹೋದವು. ಉಪ್ಪು ಗಾಳಿಗೆ ಕಾಂಕ್ರೀಟಿನ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತೆ, ಹೊರಗಿನಿಂದ ಬಣ್ಣ ಹೊಡೆದರೆ ಏನೂ ಕಾಣಲ್ಲ. ನಮ್ಮ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಆ ಕಾಟ ಇಲ್ಲ, ಅದು ಬರೀ ಕಲ್ಲು.

ಹಳೇ ಲಾರಿ:

ಮಹಾಡ್ ಹೆಸರು ಕೇಳಿ ಮೈ ಜುಮ್ ಅಂತು. ಆ ಕಡೆ ಹೋಗಲೇಬೇಕಾದಾಗ ನಾನು ಸುರತ್ಕಲ್‌ನಿಂದ ಲಾರಿಯನ್ನೇ ರೈಲಿಗೆ ಹತ್ತಿಸಿಬಿಡ್ತಿದ್ದೆ. ಕೊಂಕಣ ರೈಲಿನವರು 1999ರಲ್ಲಿ ಶುರು ಮಾಡಿದ್ದು, ರೋ-ರೋ ಅಂತಾರೆ. ಕೊಲಾಡ್‌ವರೆಗೆ ಲಾರಿ ರೈಲಿನ ಮೇಲೆ, ನಾನು ಲಾರಿಯೊಳಗೆ. ಸ್ಟೇರಿಂಗ್ ಮುಂದೆ ಕೂತು, ಕಾಲು ಚಾಚಿ, ಗುಹೆ ಮೇಲೆ ಗುಹೆ ದಾಟೋದು. ಡ್ರೈವರಾಗಿ ಕಿಟಕಿಯಲ್ಲಿ ಸಮುದ್ರ ನೋಡಿದ್ದು ಆಗ ಮಾತ್ರ. ಕೆಳಗೆ ಹೆದ್ದಾರಿಯಲ್ಲಿ ನೂರಾರು ಸಲ ಓಡಿಸಿದ್ದೀನಿ, ಕಣ್ಣು ಯಾವಾಗಲೂ ಮುಂದಿನ ಗಾಡಿಯ ಹಿಂದೆಯೇ.

ಕೆರೆಯಂಗಳ ಮಂಡ್ಯ:

ಹೋಗಿ ಬಂದೆವು. ಬಟ್ಟೆ ಒಣಗಿ, ಕಾರಿನೊಳಗಿನ ಮರಳು ಗುಡಿಸಿ, ಈಗ ಬರೀತಿದ್ದೀನಿ.

ಬೆಳಿಗ್ಗೆ ನಾಲ್ಕಕ್ಕೆ ಹೊರಟೆವು. ಆನೆ ಸಿಗಲಿಲ್ಲ, ಮಕ್ಕಳು ಬೇಜಾರಾದರು. ಮಾಕುಟ್ಟ ಇಳಿಯುವಾಗ ಚಿಕ್ಕವನು ಎರಡು ಸಲ ವಾಂತಿ ಮಾಡಿದ. ಕಣ್ಣೂರಿನಿಂದ ಚೆಂಗಳದವರೆಗೆ ಒಂದು ಕಡೆ ವಿಮಾನ ಇಳಿಸುವಂಥ ರಸ್ತೆ, ಐದು ನಿಮಿಷಕ್ಕೆ ಒಂದು ಡೈವರ್ಷನ್, ಮತ್ತೆ ಹೊಂಡ, ಮತ್ತೆ ಅಗಲ. ಹಳೇ ಲಾರಿಯವರು ಹೇಳಿದ್ದು ಅಕ್ಷರ ಅಕ್ಷರ ನಿಜ. ಚೆಂಗಳದಿಂದ ತಲಪಾಡಿ ಬೆಣ್ಣೆ. ತಲಪಾಡಿ ದಾಟಿ ನಮ್ಮ ರಾಜ್ಯಕ್ಕೆ ಬಂದ ಕೂಡಲೇ ರಸ್ತೆ ಸಣ್ಣದಾಯ್ತು ಅಂತ ದೊಡ್ಡವಳು ನಕ್ಕಳು, ನನಗೆ ಸ್ವಲ್ಪ ಅವಮಾನ ಆಯ್ತು. ಒಂದು ಟೋಲಿನಲ್ಲಿ ಪಾಸ್ ಇದ್ದರೂ ದುಡ್ಡು ಕಟ್ ಆಯ್ತು, ದೂರು ಕೊಟ್ಟಿದ್ದೀನಿ, ನೋಡಬೇಕು.

ಮರವಂತೆಗೆ ಐದೂಕಾಲಿಗೆ ಬಂದೆವು. ಅಕ್ಕ ಹೇಳಿದ ಹಾಗೆ ಅಮ್ಮ ಎಡಗಡೆ ಕಿಟಕಿಗೆ. ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಬಲಗಡೆ ತಿರುಗಿ ಹೊಳೆ ನೋಡಿ 'ಆ ಕಡೆನೂ ನೀರು, ಈ ಕಡೆನೂ ನೀರು, ಮಧ್ಯೆ ಇಷ್ಟಗಲ ದಾರಿ ಬಿಟ್ಟಿದ್ದು ಯಾರೋ' ಅಂದರು. ಬೈಂದೂರು ಶಿರೂರಿನ ಟೋಲ್ ಬಂದಾಗ ಎಷ್ಟು ಹೇಳಿದ್ದರೂ ಸುಮ್ನಿರಲಿಲ್ಲ. ಬೋರ್ಡು ಓದಿ ಮಾದಪ್ಪನ ಹೆಸರು ಶುರು ಮಾಡಿದರು, ಭಟ್ಕಳದವರೆಗೂ ನಿಲ್ಲಿಸಲಿಲ್ಲ.

ಗೋಕರ್ಣದಲ್ಲಿ ಎರಡು ದಿನ ಇದ್ದೆವು. ಮೂರನೇ ದಿನ ಕಾರವಾರಕ್ಕೆ ಹೋಗೋಣವಾ ಬೇಡವಾ ಅಂತ ನಾನೂ ಹೆಂಡತಿಯೂ ಪಿಸುಮಾತಲ್ಲಿ ಮಾತಾಡ್ತಿದ್ದಾಗ ಅಮ್ಮನೇ 'ನಡಿ, ಹೋಗೋಣ, ಆ ಜಾಗ ನೋಡಬೇಕು' ಅಂದರು. ನಾನು ಅಲ್ಲಿ ಗಾಡಿ ನಿಲ್ಲಿಸಲಿಲ್ಲ, ನಿಧಾನಕ್ಕೆ ಓಡಿಸಿದೆ ಅಷ್ಟೆ. ಕೊಯ್ದ ಗುಡ್ಡ ಬಲಕ್ಕೆ, ಹೊಳೆ ಎಡಕ್ಕೆ. ಅಮ್ಮ ಗುಡ್ಡ ನೋಡಲೇ ಇಲ್ಲ. ಹೊಳೆ ಆಚೆಗಿನ ಊರು ನೋಡುತ್ತಾ 'ಅಷ್ಟು ದೂರಕ್ಕೆ ಹೋಗಿ ಬಡೀತಾ?' ಅಂತ ಕೇಳಿದರು. ಹೌದಂತೆ ಅಂದೆ. ಕಿಟಕಿ ಗಾಜು ಇಳಿಸಿ ಕೈ ಮುಗಿದರು.

ವಾಪಸ್ ಹೊನ್ನಾವರ, ಸಾಗರ, ಶಿವಮೊಗ್ಗ ಮೇಲೆ ಬಂದೆವು.

ಕುಂದಾಪ್ರ ಹುಡುಗಿ ಮೈಸೂರಲ್ಲಿ:

ಓದಿ ಮನೆಗೆ ಫೋನ್ ಮಾಡಿದೆ. ಗಂಜಿ ತಿಂದರಾ?

ಕೆರೆಯಂಗಳ ಮಂಡ್ಯ:

ತಿಂದರು ಅಕ್ಕ, ಒಂದು ಸಲ. ಎರಡನೇ ದಿನದಿಂದ ಬ್ಯಾಗಿನಲ್ಲಿ ತಂದಿದ್ದ ರಾಗಿ ಹಿಟ್ಟು ತೆಗೆದು ಲಾಡ್ಜಿನ ಅಡುಗೆಯವರಿಗೆ ಮುದ್ದೆ ತೊಳಸೋದು ಹೇಳಿಕೊಟ್ಟರು. ಹಿಟ್ಟು ಯಾವಾಗ ಇಟ್ಟುಕೊಂಡರೋ ನಮಗೆ ಗೊತ್ತೇ ಆಗಲಿಲ್ಲ.